ಹಿಂಬಾಗಿಲಿನ ಕುಸಿನಿ

ನಮ್ಮ ಸಭೆಯ ಸ್ತ್ರೀ ಸಂಘದ ವರದಿ ಪುಸ್ತಕಗಳು ಈಗ ನನ್ನ ಮನೆಯಲ್ಲಿವೆ. ಕಾರ್ಯದರ್ಶಿಯ ಕೆಲಸ ನನ್ನ ಪಾಲಿಗೆ ಬಂದ ದಿನ ಹಿಂದಿನವರು ಒಂದು ತಗಡಿನ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಕಳಿಸಿಕೊಟ್ಟರು. ಒಳಗೆ ರಟ್ಟು ಹೊದಿಸಿದ ಉದ್ದನೆಯ ಪುಸ್ತಕಗಳು, ನುಸಿಗುಳಿಗೆಯ ವಾಸನೆ, ಗರಿಗಳ ಆದಿತ್ಯವಾರದಂದು ಯಾರೋ ಹೆಣೆದು ಪುಟದ ನಡುವೆ ಇಟ್ಟು ಮರೆತ ಒಂದು ಒಣಗರಿಯ ಶಿಲುಬೆ. ಆಟಿ ತಿಂಗಳ ಬಿಡದ ಮಳೆಯಲ್ಲಿ ಒಂದು ವಾರ ಕೂತು ಎಲ್ಲವನ್ನೂ ಓದಿದೆ. ಕೈಬರಹ ಬದಲಾಗುತ್ತದೆ, ಶಾಯಿ ಹೋಗಿ ಬಾಲ್‌ಪೆನ್ ಬರುತ್ತದೆ, ಕಾಣಿಕೆಯ ಲೆಕ್ಕ ಆಣೆಯಿಂದ ಪೈಸೆಗೆ, ಪೈಸೆಯಿಂದ ನೂರರ ನೋಟಿಗೆ ಏರುತ್ತದೆ. ವರದಿಯ ಅಚ್ಚು ಮಾತ್ರ ಒಂದೇ. ಮೊದಲ ಸಂಗೀತ ಎಷ್ಟನೆಯದು, ಪ್ರಾರ್ಥಿಸಿದವರು ಯಾರು, ವೇದಪಾಠ ಯಾವುದು, ಹಾಜರಿ ಎಷ್ಟು, ಕಾಣಿಕೆ ಎಷ್ಟು. ಎಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಾಲು: ಕೂಟದ ನಂತರ ಇಂಥವರಿಂದ ಚಹಾ ಮತ್ತು ಗೋಳಿಬಜೆ. ಮುಂದಿನ ತಿಂಗಳು ಇಂಥವರಿಂದ ಚಹಾ ಮತ್ತು ಸಜ್ಜಿಗೆ ಅವಲಕ್ಕಿ. ಅದರ ಮುಂದಿನ ತಿಂಗಳು ಚಹಾ ಮತ್ತು ಬೇಯಿಸಿದ ಗೆಣಸು.

ಈ ಸಾಲಿನ ಬಗ್ಗೆ ಒಂದು ಮಾತು ಬಂತು. ಮದುವೆಯಾಗಿ ಧಾರವಾಡದ ಕಡೆಯಿಂದ ನಮ್ಮೂರಿಗೆ ಬಂದ ಒಬ್ಬಳು ತಂಗಿ ಇದ್ದಾಳೆ. ಕಂಪ್ಯೂಟರ್ ಬಲ್ಲವಳು. ವರದಿಯನ್ನೆಲ್ಲ ಟೈಪ್ ಮಾಡಿಕೊಡುತ್ತೇನೆ ಎಂದು ತಾನಾಗಿ ಮುಂದೆ ಬಂದಳು. ಎರಡು ಪುಟ ಮಾಡಿ ತಂದು ತೋರಿಸಿದಾಗ ಕೊನೆಯ ಸಾಲು ಇರಲಿಲ್ಲ. ಕೇಳಿದೆ. "ಅಕ್ಕಾರ, ಚಹಾದ ಸುದ್ದಿ ಯಾಕ ಬರೀಬೇಕ್ರಿ? ಮ್ಯಾಲಿನವರು ಓದಿದ್ರ, ಇವ್ರು ತಿನ್ನಾಕ ಕೂಡ್ತಾರ ಅನ್ನೂದಿಲ್ಲೇನ್ರಿ?" ಎಂದಳು. ಸಂಘದ ಮಾನ ಕಾಯುವ ಆಸೆಯಿಂದಲೇ ಹೇಳಿದ ಮಾತು ಅದು. ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. "ಸಾಲು ಇರಲಿ ಮಗಾ, ನೋಡುವ" ಎಂದಷ್ಟೇ ಹೇಳಿದೆ. ಆಮೇಲೆ ಬಟ್ಟೆ ಮಡಚುವಾಗ, ಮೀನು ಕೊಯ್ಯುವಾಗ, ಬಸ್ಸಿನಲ್ಲಿ ಕೂತಾಗ ಉತ್ತರ ತುಂಡು ತುಂಡಾಗಿ ಬರತೊಡಗಿತು. ಆ ತುಂಡುಗಳನ್ನೇ ಇಲ್ಲಿ ಹರವಿ ಇಡುತ್ತಿದ್ದೇನೆ.

ಮೊದಲು ಜಾಗ ಹೇಳಬೇಕು. ನಮ್ಮದು ಉಡುಪಿ, ಮಂಗಳೂರುಗಳ ನಡುವಿನ ಹಳೆಯ ಬಾಸೆಲ್ ಮಿಷನ್ ಸಭೆ, ಈಗ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿದೆ. ದೇವಾಲಯದ ಹಿಂದೆ, ಬಾವಿಗೆ ತಾಗಿ, ಒಂದು ಕುಸಿನಿ ಇದೆ. ಗೋಡೆ ಕೆಂಪು ಮುರಕಲ್ಲಿನದು, ಮಾಡು ಹಂಚಿನದು. ಬೇಸಿಗೆಯಲ್ಲಿ ಹಂಚು ಕೈಯಾಡಿಸಲು ಇಳಿಸಿದಾಗ ಅದರ ಬೆನ್ನಿನಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು ಕಾಣುತ್ತದೆ. ಮಂಗಳೂರಿನಲ್ಲಿ ಮಿಷನ್ನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಂಚು ಎಲ್ಲರಿಗೂ ಗೊತ್ತು. ಅದನ್ನು ಯಾಕೆ ಶುರು ಮಾಡಿದರು ಎನ್ನುವುದನ್ನು ನಮ್ಮ ಮಕ್ಕಳಿಗೆ ಆಗಾಗ ಹೇಳುತ್ತಿರಬೇಕಾಗುತ್ತದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಆಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಹೆಚ್ಚಿನವರಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಶೇಂದಿ ಇಳಿಸುತ್ತಿದ್ದವರು ಆ ಕೆಲಸ ಬಿಡಬೇಕಾಯಿತು, ಗೇಣಿಗೆ ಗದ್ದೆ ಮಾಡುತ್ತಿದ್ದವರನ್ನು ಒಡೆಯರು ಎಬ್ಬಿಸಿದರು. ಅವರ ಒಲೆ ಉರಿಯಲಿಕ್ಕಾಗಿ ಮಗ್ಗ ಬಂತು, ಹಂಚು ಬಂತು. ಹಾಗಾಗಿ ನಮ್ಮ ಕುಸಿನಿಯ ಮಾಡನ್ನು ನೋಡಿದಾಗ ನನಗೆ ಅದು ಬರೇ ಮಾಡಾಗಿ ಕಾಣುವುದಿಲ್ಲ. ಅನ್ನ ತಪ್ಪಿದವರಿಗೆ ಅನ್ನ ಹುಟ್ಟಿಸಲು ಸುಟ್ಟ ಮಣ್ಣು ಅದು.

ಹೋದದ್ದು ಅನ್ನ ಮಾತ್ರವಲ್ಲ, ಪಂಕ್ತಿಯೂ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಹುಡುಗ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ. ಮುಂದೆ ಬಾಸೆಲ್‌ಗೆ ಹೋಗಿ ಓದಿ ಮಿಷನರಿಯಾಗಿಯೇ ತಿರುಗಿ ಬಂದ. ಅವನ ಕಥೆಯನ್ನು ಸಭೆಯ ಚರಿತ್ರೆ ಹೇಳುತ್ತದೆ. ಅದೇ ಕಾಲದಲ್ಲಿ ಗಂಡನ ಹಿಂದೆ ಮನೆಬಿಟ್ಟು ಬಂದ ಹೆಂಗಸರ ಕಥೆ ಅಷ್ಟು ವಿವರವಾಗಿ ಸಿಗುವುದಿಲ್ಲ. ತವರಿನ ಬಾವಿಯ ಹಗ್ಗ ಮುಟ್ಟಲಿಕ್ಕಿಲ್ಲದವರು. ಅವರು ಬಂದ ಮನೆತನಗಳು ಒಬ್ಬರ ಮನೆಯ ನೀರನ್ನು ಒಬ್ಬರು ಕುಡಿಯದವು. ಇಲ್ಲಿ ಬಂದ ಮೇಲೆ ಒಂದೇ ಅರೆಯುವ ಕಲ್ಲಿನಲ್ಲಿ ಮಸಾಲೆ ಅರೆದು, ಒಂದೇ ಪಾತ್ರೆಯಿಂದ ಬಡಿಸಿಕೊಂಡು, ಒಂದೇ ಸಾಲಿನಲ್ಲಿ ಕೂತು ಉಂಡರು. ಜಾತಿ ಕಳಚಿದ್ದು ದೀಕ್ಷಾಸ್ನಾನದ ನೀರಿನಲ್ಲಿ ಎಷ್ಟೋ, ಆ ಊಟದ ಸಾಲಿನಲ್ಲಿಯೂ ಅಷ್ಟೇ ಎಂದು ನಾನು ನಂಬುತ್ತೇನೆ. ಪೂರ್ತಿ ಕಳಚಿತು ಎಂದು ಹೇಳಲಾರೆ. ಮದುವೆಯ ಮಾತು ಬಂದಾಗ ಯಾರು ಯಾವ ಕಡೆಯವರು ಎಂಬ ವಿಚಾರಣೆ ಇವತ್ತಿಗೂ ಸಣ್ಣ ದನಿಯಲ್ಲಿ ನಡೆಯುತ್ತದೆ. ನನಗೆ ಅದು ನೋವಿನ ವಿಷಯ. ಆದರೆ ಕುಸಿನಿಯಲ್ಲಿ ನಡೆಯುವುದಿಲ್ಲ.

ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯದಲ್ಲಿ ಮೊದಲ ಸಭೆಯವರು ಏನು ಮಾಡುತ್ತಿದ್ದರು ಎಂದು ಬರೆದಿದೆ. ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ, ನಾಲ್ಕೂ ಒಂದೇ ವಾಕ್ಯದಲ್ಲಿ ಬರುತ್ತವೆ. ಫೆಲೋಶಿಪ್ ಎಂದು ನಾವು ಬಾಯಿಯಲ್ಲಿ ಹೇಳುವುದಕ್ಕೆ ಕನ್ನಡದಲ್ಲಿ ಅನ್ಯೋನ್ಯತೆ ಎನ್ನುವ ಮಾತು ಇದೆಯಲ್ಲ, ನನಗೆ ಅದು ಬಹಳ ಇಷ್ಟ. ಗಂಡಹೆಂಡಿರು ಅನ್ಯೋನ್ಯವಾಗಿದ್ದಾರೆ ಎನ್ನುತ್ತೇವೆ, ಅತ್ತೆಸೊಸೆ ಅನ್ಯೋನ್ಯವಾಗಿದ್ದಾರೆ ಎನ್ನುತ್ತೇವೆ. ಒಂದೇ ಮನೆಯಲ್ಲಿ ಬಾಳುವವರಿಗೆ ಹೇಳುವ ಮಾತು. ವೇದಿಕೆ ಹಾಕಿ, ಮೈಕು ಇಟ್ಟು ಅದನ್ನು ಹುಟ್ಟಿಸಲು ಆಗುವುದಿಲ್ಲ. ಒಬ್ಬರು ಬೆಳ್ಳುಳ್ಳಿ ಸುಲಿಯುತ್ತಾ ಇನ್ನೊಬ್ಬರು ಈರುಳ್ಳಿ ಹೆಚ್ಚುತ್ತಾ ಇದ್ದಾಗ ಅದು ಬರುತ್ತದೆ.

ಎರಡನೇ ಶನಿವಾರ ಮೂರು ಗಂಟೆಗೆ ಕೂಟ. ತಿಂಡಿಯ ಸರದಿ ಇರುವವರು ಒಂದು ಗಂಟೆಗೇ ಬರುತ್ತಾರೆ, ಸರದಿ ಇಲ್ಲದವರೂ ಕೆಲವರು ಬರುತ್ತಾರೆ. ದೇವಾಲಯದ ಒಳಗೆ ನಾವು ಕನ್ನಡದವರು. ಸಂಗೀತ ಕನ್ನಡ, ಪ್ರಾರ್ಥನೆ ಕನ್ನಡ, ಅದೂ ಸತ್ಯವೇದದ ಕನ್ನಡ. ಕುಸಿನಿಯ ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ತುಳುವಿಗೆ ತಿರುಗುತ್ತಾರೆ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಅಚ್ಚಾಗಿತ್ತು. ಆದರೂ ನಮ್ಮ ಹಿರಿಯರು ಆರಾಧನೆಗೆ ಕನ್ನಡವನ್ನೇ ಹಿಡಿದುಕೊಂಡರು. ಹಾಗಾಗಿ ನಮ್ಮ ದುಃಖಗಳಿಗೆ ಎರಡು ದನಿ. ಒಳಗೆ ಪ್ರಾರ್ಥನೆಯ ವಿಷಯ ಹೇಳುವಾಗ "ನನ್ನ ಮಗನ ಉದ್ಯೋಗಕ್ಕಾಗಿ" ಎಂದು ಗಂಭೀರವಾಗಿ ಹೇಳಿದವಳು, ಇಲ್ಲಿ ಕಾಯಿ ಹೆರೆಯುತ್ತಾ ಹೆರೆಯುತ್ತಾ ಅವನು ಆರು ತಿಂಗಳಿಂದ ಯಾರೊಂದಿಗೂ ಮಾತಾಡುತ್ತಿಲ್ಲ, ರಾತ್ರಿ ನಿದ್ರೆ ಮಾಡುವುದಿಲ್ಲ ಎಂದು ತುಳುವಿನಲ್ಲಿ ಹೇಳುತ್ತಾಳೆ. ಮುಖ ಎತ್ತುವುದಿಲ್ಲ. ಹೆರೆಮಣೆಯ ಮುಂದೆ ಕೂತವರು ಮುಖ ಎತ್ತಬೇಕಾಗಿಲ್ಲ, ಕಣ್ಣು ಗೆರಟೆಯ ಮೇಲೆ ಇದ್ದರೆ ಸಾಕು. ಎದುರುಬದುರು ಕುರ್ಚಿಯಲ್ಲಿ ಕೂರಿಸಿ ಕೇಳಿದ್ದರೆ ಅವಳು ಆ ಮಾತು ಎಂದೂ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಶುಂಠಿ ಕೆರೆಯುತ್ತಿದ್ದವಳ ಅಕ್ಕನ ಮಗ ಅಂಥ ಕಾಯಿಲೆಗೆ ವೈದ್ಯರನ್ನು ಕಂಡು ಗುಣವಾದವನು. ವಿಳಾಸ ಸಿಕ್ಕಿತು, ಜೊತೆಗೆ ಹೋಗಲಿಕ್ಕೂ ಒಬ್ಬರು ಸಿಕ್ಕಿದರು. ವರದಿ ಪುಸ್ತಕದಲ್ಲಿ ಆ ದಿನದ ಪುಟ ತೆಗೆದರೆ ಸಿಗುವುದು ಇಷ್ಟೇ: ಚಹಾ ಮತ್ತು ಗೋಳಿಬಜೆ.

ಗೋಳಿಬಜೆಯ ಹೆಸರು ಎತ್ತಿದ ಮೇಲೆ ಅದರ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಮೈದಾ, ಚೆನ್ನಾಗಿ ಹುಳಿ ಬಂದ ಮೊಸರು, ಶುಂಠಿ, ಹಸಿಮೆಣಸು, ಕರಿಬೇವಿನೆಲೆ, ಸಣ್ಣ ಸಣ್ಣ ಕಾಯಿಚೂರು, ಚಿಟಿಕೆ ಸೋಡಾ. ಇದನ್ನು ಎಲ್ಲರೂ ಹೇಳುತ್ತಾರೆ. ಗುಟ್ಟು ಇರುವುದು ಕಲಸುವುದರಲ್ಲಿ. ನಮ್ಮ ಸಂಘದಲ್ಲಿ ಎಂಬತ್ತು ದಾಟಿದ ಒಬ್ಬರು ದೊಡ್ಡಮ್ಮ ಇದ್ದಾರೆ, ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವರು. ಅವರು ಹಿಟ್ಟನ್ನು ಕೈಯಿಂದ ಎತ್ತಿ ಎತ್ತಿ ಬಡಿಯುತ್ತಾರೆ, ಗಾಳಿ ಒಳಗೆ ಹೋಗಬೇಕಂತೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಆದರೆ ಕೈಗೆ ಹಗ್ಗದಂತೆ ಎಳೆದುಕೊಂಡು ಬರಬೇಕು. ಎರಡು ಗಂಟೆ ಮುಚ್ಚಿಡಬೇಕು. ಆಮೇಲೆ ಬೆರಳನ್ನು ನೀರಿಗೆ ಅದ್ದಿ, ಹಿಟ್ಟು ತೆಗೆದು, ಹೆಬ್ಬೆರಳಿನಿಂದ ಎಣ್ಣೆಗೆ ಜಾರಿಸಬೇಕು. ಎಣ್ಣೆ ಹೊಗೆಯಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಬಾಣಲೆಗೆ ಬಿದ್ದ ಉಂಡೆ ತಾನಾಗಿ ಮಗ್ಗುಲು ಬದಲಿಸಿದರೆ ಹದ ಸರಿ ಇದೆ ಎಂದು ಅರ್ಥ. ಈ ದೊಡ್ಡಮ್ಮನ ಬೆರಳುಗಳು ಬೀಡಿಯ ಎಲೆ ಸುತ್ತಿ ಸುತ್ತಿ ಬಾಗಿವೆ, ಪೆನ್ನು ಹಿಡಿಯಲಾಗುವುದಿಲ್ಲ. ಬಹಿರಂಗವಾಗಿ ಪ್ರಾರ್ಥಿಸಲು ನಾಚಿಕೆ. ಐವತ್ತು ವರ್ಷದ ವರದಿಗಳಲ್ಲಿ ಪ್ರಾರ್ಥಿಸಿದವರ ಪಟ್ಟಿಯಲ್ಲಿ, ಪ್ರಸಂಗ ಮಾಡಿದವರ ಪಟ್ಟಿಯಲ್ಲಿ, ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರು ನನಗೆ ಒಮ್ಮೆಯೂ ಸಿಗಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಸಿಕ್ಕಿತು, ಅದೂ ಮೂವತ್ತೊಂದು ಸಲ. ಬೆರಳಿಟ್ಟು ಎಣಿಸಿದ್ದೇನೆ. ಆ ಸಾಲು ತೆಗೆದರೆ ಅವರು ನಮ್ಮ ಸಂಘದಲ್ಲಿ ಇದ್ದರು ಎನ್ನುವುದಕ್ಕೆ ಕಾಗದದ ಮೇಲೆ ಸಾಕ್ಷಿಯೇ ಉಳಿಯುವುದಿಲ್ಲ.

ಸತ್ಯವೇದದಲ್ಲಿ ಯೊಪ್ಪ ಊರಿನ ದೊರ್ಕಳ ಕಥೆ ಇದೆಯಲ್ಲ, ಅವಳೂ ಹಾಗೆ. ಅವಳು ಆಡಿದ ಒಂದು ಮಾತೂ ಗ್ರಂಥದಲ್ಲಿ ಇಲ್ಲ. ಸತ್ತು ಮಲಗಿದ್ದಾಗ ವಿಧವೆಯರು ಪೇತ್ರನ ಸುತ್ತ ನಿಂತು ಅಳುತ್ತಾ ಅವಳು ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಅದೇ ಅವಳ ಚರಿತ್ರೆ. ಹೊಲಿಗೆ ನಮ್ಮಲ್ಲಿಯೂ ಮೊದಲಿನಿಂದ ಬಂದದ್ದು. ಬಾಸೆಲ್ ಮಿಷನರಿಗಳ ಹೆಂಡಂದಿರು ಹುಡುಗಿಯರನ್ನು ಕೂಡಿಸಿ ಓದು ಬರಹದ ಜೊತೆಗೆ ಸೂಜಿದಾರ ಹಿಡಿಸಿದರು. ತಲಶ್ಶೇರಿಯಲ್ಲಿ ಹುಡುಗಿಯರ ಶಾಲೆ ನಡೆಸಿದ ಜೂಲಿ ಗುಂಡರ್ಟ್ ಅವರನ್ನು ಮಲಯಾಳದವರು ನೆನೆಯುತ್ತಾರೆ. ನಮ್ಮ ಸಂಘದ ಹಿರಿಯರು ಕ್ರೋಶಾ ಕೆಲಸದಲ್ಲಿ ಮಾಡಿದ ಪೀಠದ ಬಟ್ಟೆಯ ಅಂಚು ಈಗಲೂ ಕ್ರಿಸ್‌ಮಸ್ಸಿಗೆ ಹೊರಗೆ ಬರುತ್ತದೆ. ಈಗಿನವರಲ್ಲಿ ಆ ಕೈಕೆಲಸ ಬಲ್ಲವರು ಇಬ್ಬರೇ. ಅದು ನಮ್ಮ ಕೈಯಿಂದ ಜಾರುತ್ತಿದೆ ಎಂಬ ಚಿಂತೆ ನನಗೆ ನಿಜವಾಗಿ ಇದೆ.

ವರ್ಷದ ಕೂಟಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯದು ಮಾರ್ಚ್ ತಿಂಗಳ ಮೊದಲನೆಯ ಶುಕ್ರವಾರದ ಲೋಕ ಪ್ರಾರ್ಥನಾ ದಿನ. 1887ರಲ್ಲಿ ಅಮೆರಿಕದಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಮೇರಿ ಜೇಮ್ಸ್ ಎಂಬವರು, ಬಂದು ನೆಲೆಸಿದ ವಲಸೆಗಾರರ ಕಷ್ಟ ನೋಡಿ, ಹೆಂಗಸರೆಲ್ಲ ಒಂದು ದಿನ ಕೂಡಿ ಪ್ರಾರ್ಥಿಸೋಣ ಎಂದರಂತೆ. 1927ರ ಹೊತ್ತಿಗೆ ಅದು ಲೋಕದ ಎಲ್ಲ ಕಡೆಗೆ ಹರಡಿತು. ಪ್ರತಿ ವರ್ಷ ಒಂದು ದೇಶದ ಹೆಂಗಸರು ಆರಾಧನೆಯ ಕ್ರಮ ಬರೆಯುತ್ತಾರೆ, ಉಳಿದ ದೇಶಗಳವರು ಅದನ್ನೇ ಓದಿ ಪ್ರಾರ್ಥಿಸುತ್ತಾರೆ. ನಮ್ಮಲ್ಲಿ ಆ ದೇಶದ ಒಂದು ಅಡುಗೆಯನ್ನೂ ಮಾಡುವ ಪದ್ಧತಿ. ಹೇಗೆ ಶುರುವಾಯಿತೋ, ನಾನು ಸೇರುವಾಗಲೇ ಇತ್ತು.

2018ರಲ್ಲಿ ಸುರಿನಾಮ್. ದಕ್ಷಿಣ ಅಮೆರಿಕದ ದೇಶ, ಏನು ಮಾಡುವುದಪ್ಪಾ ಎಂದು ಹೆದರಿದ್ದೆವು. ಓದಿ ನೋಡಿದರೆ 1873ರಲ್ಲಿ ಲಲ್ಲಾ ರೂಖ್ ಎಂಬ ಹಡಗು ನಮ್ಮ ದೇಶದ ಕೂಲಿಗಳನ್ನು ಕಲ್ಕತ್ತೆಯಿಂದ ಅಲ್ಲಿಗೆ ಹೊತ್ತೊಯ್ದಿತ್ತು, ಅವರ ಮರಿಮಕ್ಕಳು ಇವತ್ತಿಗೂ ರೊಟ್ಟಿ, ಕೋಳಿ ಪಲ್ಯ ತಿನ್ನುತ್ತಾರೆ. ಮರುವರ್ಷ ಸ್ಲೊವೇನಿಯ. ಅವರು ಆರಿಸಿದ್ದು ಲೂಕನ ಹದಿನಾಲ್ಕನೆಯ ಅಧ್ಯಾಯದ ದೊಡ್ಡ ಔತಣದ ಸಾಮ್ಯ. ಕರೆದವರು ಗದ್ದೆ ಕೊಂಡೆ, ಎತ್ತು ಕೊಂಡೆ ಎಂದು ನೆವ ಹೇಳಿದಾಗ ಬೀದಿಯ ಬಡವರನ್ನು ಕರೆತಂದು ಕೂರಿಸಿದ ಯಜಮಾನನ ಕಥೆ. ಅದನ್ನು ಓದಿ ಸುಮ್ಮನೆ ಚಹಾ ಕುಡಿದು ಹೋಗಲು ಮನಸ್ಸಾಗಲಿಲ್ಲ. ಆ ಸಲ ಬೀದಿ ಗುಡಿಸುವ ಹೆಂಗಸರನ್ನು ಕರೆದೆವು. ಬಂದವರು ಹೊರಗೆ ಮೆಟ್ಟಿಲ ಮೇಲೆ ಕೂತರು, ಕುರ್ಚಿಯ ಮೇಲೆ ಕೂರಿಸಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನನಗೆ ಮರೆಯದು. 2020ರಲ್ಲಿ ಜಿಂಬಾಬ್ವೆ. ಮೆಕ್ಕೆಜೋಳದ ಹಿಟ್ಟು ಗಟ್ಟಿಯಾಗಿ ತಿರುವಿದ ಸಾಡ್ಝಾ ಎಂಬ ಊಟ, ನೋಡಲು ನಮ್ಮ ಘಟ್ಟದ ಮೇಲಿನವರ ಮುದ್ದೆಯ ಹಾಗೆ. ಅದು ಮಾರ್ಚ್ ಆರನೇ ತಾರೀಕು. ಇಪ್ಪತ್ತು ದಿನ ಕಳೆಯುವ ಮೊದಲು ಲಾಕ್‌ಡೌನ್ ಬಂತು, ಕುಸಿನಿಗೆ ಬೀಗ ಬಿತ್ತು.

ಆದರೆ 2025ರ ಕುಕ್ ದ್ವೀಪಗಳನ್ನು ಮೀರಿಸುವಂಥದ್ದು ಇಲ್ಲ. ಶಾಂತ ಸಾಗರದ ನಡುವೆ ಹದಿನೈದು ಪುಟ್ಟ ದ್ವೀಪಗಳು. ಮಕ್ಕಳ ಹತ್ತಿರ ಮೊಬೈಲಿನಲ್ಲಿ ಹುಡುಕಿಸಿದೆವು. ಅಲ್ಲಿಯ ಹೆಂಗಸರ ಪ್ರೀತಿಯ ಅಡುಗೆ ರುಕಾವು. ಏನದು ಎಂದರೆ ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದ್ದು! ಕುಸಿನಿಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಸು ನಮ್ಮದು, ತೆಂಗು ನಮ್ಮದು. ಆಟಿಯಲ್ಲಿ ಪತ್ರೊಡೆ ಮಾಡದ ಮನೆ ಯಾವುದಿದೆ? ಅಷ್ಟು ದೂರದ ಸಮುದ್ರದ ನಡುವೆಯೂ ನಮ್ಮ ಹಾಗೆಯೇ ಯಾರೋ ಒಬ್ಬಳು ಬೆಳಿಗ್ಗೆ ಎದ್ದು ಕೆಸುವಿನ ಎಲೆಯ ನಾರು ತೆಗೆಯುತ್ತಾಳೆ ಎಂದು ತಿಳಿದಾಗ ಆ ದೇಶ ಭೂಪಟದ ಚುಕ್ಕೆಯಾಗಿ ಉಳಿಯಲಿಲ್ಲ.

ತೊಂದರೆ ಎಂದರೆ ಮಾರ್ಚ್ ತಿಂಗಳಲ್ಲಿ ಕೆಸು ಎಲ್ಲಿ ಸಿಗಬೇಕು? ಮಳೆಗಾಲದಲ್ಲಿ ತೋಡಿನ ಬದಿಯಲ್ಲೆಲ್ಲ ಮೊರದಗಲ ಎಲೆ ಬಿಡುವ ಗಿಡ ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿರುತ್ತದೆ. ಬಚ್ಚಲ ನೀರು ಹೋಗುವ ಕಡೆ ಯಾರ ಮನೆಯಲ್ಲಿ ನಾಲ್ಕು ಎಲೆ ಉಂಟು ಎಂದು ಫೋನಿನ ಮೇಲೆ ಫೋನು. ಹದಿಮೂರು ಮನೆಯಿಂದ ಎಲೆ ಬಂತು. ಒಂದು ಕಟ್ಟು ಬಂದದ್ದು ಪಕ್ಕದ ಶೆಟ್ರ ಮನೆಯಿಂದ. "ಪ್ರಾರ್ಥನೆಗಲ್ಲವಾ, ಕೊಂಡುಹೋಗಿ" ಎಂದು ಅವರೇ ಕೊಯ್ದುಕೊಟ್ಟರು. ಇನ್ನು ತುರಿಕೆಯ ಪ್ರಶ್ನೆ. ಕೆಸುವಿನಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ, ಸರಿಯಾಗಿ ಬೇಯದಿದ್ದರೆ ಗಂಟಲು ಹಿಡಿಯುತ್ತದೆ. ನಮ್ಮವರು ಅದಕ್ಕೆ ಹುಳಿ ಹಾಕುತ್ತಾರೆ, ಅವರ ಅಡುಗೆಯಲ್ಲಿ ಹುಳಿ ಇಲ್ಲ. ಹಾಕಬೇಕೋ ಬೇಡವೋ ಎಂದು ಅರ್ಧ ಗಂಟೆ ಚರ್ಚೆ. ಅವರದನ್ನು ಅವರ ಹಾಗೆಯೇ ಮಾಡಬೇಕು ಎಂದು ನಾನು, ಎಪ್ಪತ್ತು ಜನರ ಗಂಟಲು ಮುಖ್ಯ ಎಂದು ದೊಡ್ಡಮ್ಮ. "ಪುಳಿ ಪಾಡ್ಲೆ" ಎಂದು ಅವರು ಕೊನೆಗೆ ಖಂಡಿತವಾಗಿ ಹೇಳಿಬಿಟ್ಟರು. ಹುಳಿ ಬಿತ್ತು. ರುಚಿಯಾಗಿತ್ತು, ಪಾತ್ರೆ ತಳ ಕಂಡಿತು. ಆ ರಾತ್ರಿ ಪ್ರಾರ್ಥಿಸುವಾಗ ನನ್ನ ನಾಲಿಗೆಯ ಮೇಲೆ ಆ ದ್ವೀಪಗಳ ಹೆಸರಿನ ಜೊತೆಗೆ ಕಾಯಿಹಾಲಿನ ರುಚಿಯೂ ಇತ್ತು.

ಮಾರ್ಥ, ಮರಿಯಳ ಕಥೆಯ ಮೇಲೆ ನಮ್ಮ ಸಂಘದಲ್ಲಿ ಎಷ್ಟು ಪ್ರಸಂಗ ಆಗಿವೆಯೋ ಲೆಕ್ಕವಿಲ್ಲ. ಮರಿಯಳು ಪಾದದ ಬಳಿ ಕೂತು ಕೇಳಿದಳು, ಮಾರ್ಥ ಅಡುಗೆಯ ಗಡಿಬಿಡಿಯಲ್ಲಿ ಬಳಲಿದಳು, ಆದುದರಿಂದ ಮರಿಯಳ ಹಾಗಿರಿ ಎನ್ನುತ್ತಾರೆ. ಪ್ರಸಂಗ ಮುಗಿದ ಮೇಲೆ ಹೇಳಿದವರಿಗೂ ಕೇಳಿದವರಿಗೂ ಊಟ ಬಡಿಸುವವರು ನಾವೇ. ನನ್ನ ಕಿವಿ ಆ ಕಥೆಯಲ್ಲಿ ಬೇರೆಯದನ್ನು ಕೇಳುತ್ತದೆ. ಕರ್ತನು ಮಾರ್ಥಳ ಅಡುಗೆಯನ್ನು ತಪ್ಪು ಎನ್ನಲಿಲ್ಲ. ಅವಳು ಒಬ್ಬಳೇ ಎಲ್ಲವನ್ನೂ ತಲೆಯ ಮೇಲೆ ಹೊತ್ತು ಕಳವಳಪಟ್ಟದ್ದನ್ನು ನೋಡಿದನು. ಅಡುಗೆ ಒಬ್ಬಳ ಮೇಲೆ ಬಿದ್ದಾಗ ಅದು ಭಾರ, ಹತ್ತು ಜನ ಸೇರಿದಾಗ ಅದೇ ಕೂಟ. ಆದ್ದರಿಂದ ನಮ್ಮಲ್ಲಿ ಒಂದು ಕ್ರಮ ಮಾಡಿದ್ದೇವೆ. ವೇದಪಾಠ ಶುರುವಾದ ಮೇಲೆ ಕುಸಿನಿಯಲ್ಲಿ ಯಾರೂ ಇರಕೂಡದು, ಒಲೆ ಆರಿಸಿ ಎಲ್ಲರೂ ಒಳಗೆ ಬರಬೇಕು. ಚಹಾ ಹತ್ತು ನಿಮಿಷ ತಡವಾದರೆ ಆಗಲಿ. ಮತ್ತೊಂದು ಕ್ರಮ ಮಾಡಲು ಇನ್ನೂ ಒದ್ದಾಡುತ್ತಿದ್ದೇವೆ. ಬೆಳೆ ಹಬ್ಬದ ಊಟದ ಪಾತ್ರೆಗಳನ್ನು ಯುವಕರೂ ತೊಳೆಯಬೇಕು ಎನ್ನುವುದು. ಎರಡು ವರ್ಷದಿಂದ ನಾಲ್ಕು ಹುಡುಗರು ಬರುತ್ತಿದ್ದಾರೆ, ಮನಸ್ಸಿಟ್ಟು ತಿಕ್ಕುತ್ತಾರೆ. ಪಲ್ಪಿಟ್ಟಿನ ಕಡೆ ಹೆಂಗಸರು ಹೋದದ್ದಕ್ಕಿಂತ ಬಚ್ಚಲುಕಲ್ಲಿನ ಕಡೆ ಗಂಡಸರು ಬರುವುದು ನಿಧಾನ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪ ಲಲಿತ ಅವರು ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಆದ ಸುದ್ದಿ ಬಂದಾಗ ನಾವು ಆ ತಿಂಗಳ ಕೂಟದಲ್ಲಿ ಪಾಯಸ ಮಾಡಿದ್ದೆವು. ಅದೂ ಕೊನೆಯ ಸಾಲಿನಲ್ಲಿ ಇದೆ.

ಬೆಳೆ ಹಬ್ಬದ ಮಾತು ಬಂತು. ಆ ದಿನ ಚೀನಿಕಾಯಿ, ಬಾಳೆಗೊನೆ, ಹುಂಜ, ಕೇಕು ಎಲ್ಲ ಪೀಠದ ಮುಂದೆ ಬರುತ್ತವೆ, ಆರಾಧನೆಯ ನಂತರ ಏಲಂ. ಒಂದು ತೆಂಗಿನಕಾಯಿಯನ್ನು ಹಿಡಿದವರು ಹಣ ಕೊಟ್ಟು ಅದನ್ನು ಮತ್ತೆ ದೇವರಿಗೇ ಬಿಡುತ್ತಾರೆ, ಇನ್ನೊಬ್ಬರು ಹಿಡಿಯುತ್ತಾರೆ. ಹಾಗೆ ಒಂದೇ ಕಾಯಿ ಏಳೆಂಟು ಕೈ ಸುತ್ತಿ ಒಂದು ಹುಡುಗಿಯ ಕಾಲೇಜಿನ ಫೀಸು ಆಗಿದೆ. ಹಬ್ಬ ವರ್ಷಕ್ಕೊಮ್ಮೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹಿಡಿ ಅಕ್ಕಿ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಇದನ್ನು ನಡೆಸಿಕೊಂಡು ಬಂದಿದ್ದಾರೆ, ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿ ಬೇರೆ ಇಡುವುದು, ಅದನ್ನು ಒಟ್ಟುಗೂಡಿಸಿ ಮಾರಿ ಸಭೆಗೆ ಕೊಡುವುದು. ಬೆಟ್ಟದ ಮೇಲಿನ ಬಡ ಹೆಂಗಸರು ಹಿಡಿಯಲ್ಲಿ ಕೊಟ್ಟದ್ದು ಒಂದು ಸಭೆಯನ್ನೇ ತನ್ನ ಕಾಲ ಮೇಲೆ ನಿಲ್ಲಿಸಿತು. ಕೇರಳದ ಸಭೆಗಳಲ್ಲಿಯೂ ಪಿಡಿಯರಿ ಎಂಬ ಹೆಸರಿನಲ್ಲಿ ಇದೆ. ನಮ್ಮಮ್ಮ ಕುಚ್ಚಲಕ್ಕಿಯ ಮಡಕೆಯ ಪಕ್ಕ ಒಂದು ಸಣ್ಣ ಭರಣಿ ಇಟ್ಟಿದ್ದರು. ಮನೆಯಲ್ಲಿ ನಮಗೇ ಸಾಲದ ದಿನವೂ ಒಂದು ಹಿಡಿ ಅದಕ್ಕೆ ಹೋಗುತ್ತಿತ್ತು. "ಅಮ್ಮಾ, ಇವತ್ತು ಬೇಡ" ಎಂದರೆ ಚಾರೆಪ್ತದ ವಿಧವೆಯ ಮಡಕೆಯ ಹಿಟ್ಟು ತೀರದ ಕಥೆ ಹೇಳುತ್ತಿದ್ದರು. ನಾವು ಕಥೆ ಕೇಳುತ್ತಾ ತೆಳ್ಳಗಿನ ಗಂಜಿ ಕುಡಿದದ್ದುಂಟು.

ಗಂಜಿ. ಈ ಮಾತಿಗೆ ಬರಲಿಕ್ಕೇ ಇಷ್ಟು ಸುತ್ತಿದೆನೋ ಏನೋ.

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳ ಧ್ಯಾನ. ಮುಗಿದ ಮೇಲೆ ನಮ್ಮಲ್ಲಿ ಗಂಜಿ ಊಟ. ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಾವಿನ ಮಿಡಿ ಉಪ್ಪಿನಕಾಯಿ, ಅಷ್ಟೇ. ಆ ದಿನ ಕುಸಿನಿಯಲ್ಲಿ ಹೆಚ್ಚು ಮಾತಿಲ್ಲ. ಹೊರಗೆ ಬೇಸಿಗೆಯ ಉರಿಬಿಸಿಲು, ಒಳಗೆ ಹಬೆ. ಬಿಳಿ ಸೀರೆಯವರು ಸಾಲಾಗಿ ನಿಂತು ಬಡಿಸುತ್ತಾರೆ. ಬಂಗಲೆಯವರೂ ಬೀಡಿಯವರೂ ಒಂದೇ ಬಟ್ಟಲು ಹಿಡಿದು ಒಂದೇ ಉಪ್ಪಿನಕಾಯಿ ನೆಕ್ಕುತ್ತಾರೆ.

ಇನ್ನೊಂದು ಗಂಜಿ ಮರಣದ ಮನೆಯದು. ನನ್ನ ಯಜಮಾನರು ದೇವರ ಪಾದ ಸೇರಿದ್ದು ಒಂದು ಬೆಳಗಿನ ಜಾವ. ಆಸ್ಪತ್ರೆಯಿಂದ ಮನೆಗೆ ಬರುವಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕೀಲಿಕೈ ಎಲ್ಲಿದೆ ಎಂದು ಗೊತ್ತಿದ್ದವರು ಬಂದಿದ್ದರು. ಒಬ್ಬರು ಜಗಲಿ ಗುಡಿಸಿದ್ದರು, ಇನ್ನೊಬ್ಬರು ಯಜಮಾನರ ಬಿಳಿ ಅಂಗಿ, ಪಂಚೆ ಹುಡುಕಿ ಇಸ್ತ್ರಿ ಹಾಕಿದ್ದರು, ಹೂವಿನ ಶಿಲುಬೆಗೆ ಬಾಳೆನಾರು ನೆನೆಹಾಕಿದ್ದರು. ಸಮಾಧಿಯ ಕೆಲಸ ಮುಗಿದು ನೆಂಟರೆಲ್ಲ ಹೋದ ಮೇಲೆ ದೊಡ್ಡಮ್ಮ ಒಂದು ಬಟ್ಟಲು ಗಂಜಿ, ಸುಟ್ಟ ಮೆಣಸಿನ ಚಟ್ನಿ ತಂದು ಎದುರು ಕೂತರು. ಒಂದೂ ವಾಕ್ಯ ಹೇಳಲಿಲ್ಲ. ಬೇಡ ಎಂದೆ. ಅವರು ಆ ಬಾಗಿದ ಬೆರಳುಗಳಿಂದ ಚಮಚ ಹಿಡಿದು, ಮಗುವಿಗೆ ಕೊಡುವ ಹಾಗೆ ಬಾಯಿಗೆ ಕೊಟ್ಟರು. ಆ ದಿನಗಳಲ್ಲಿ ಕೇಳಿದ ಸಾಂತ್ವನದ ಮಾತುಗಳಲ್ಲಿ ನನಗೆ ಒಂದೂ ನೆನಪಿಲ್ಲ. ಗಂಜಿಯ ಬಿಸಿ ನೆನಪಿದೆ. ನಲವತ್ತು ದಿನ ನಮ್ಮ ಮನೆಗೆ ಯಾರ ಯಾರ ಮನೆಯಿಂದ ಊಟ ಬರಬೇಕು ಎಂದು ಒಂದು ಪಟ್ಟಿ ಮಾಡಿದ್ದರು. ಆ ಪಟ್ಟಿ ವರದಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಇದೆ. ಪೆಟ್ಟಿಗೆ ನನ್ನ ಮನೆಗೆ ಬಂದ ಮೇಲೆಯೇ ಅದನ್ನು ನಾನು ನೋಡಿದ್ದು.

ಈಗ ಕೇಟರಿಂಗ್‌ನವರಿಗೆ ಹೇಳಿಬಿಡೋಣ ಎನ್ನುವ ಮಾತು ಪ್ರತಿ ವರ್ಷ ಬರುತ್ತದೆ. ಕೆಲಸಕ್ಕೆ ಹೋಗುವ ಸೊಸೆಯಂದಿರಿಗೆ ಶನಿವಾರ ಒಂದೇ ಬಿಡುವು, ಅವರ ಮೇಲೆ ಭಾರ ಹಾಕಬಾರದು ಎನ್ನುವುದು ನ್ಯಾಯವೇ. ಕ್ರಿಸ್‌ಮಸ್ ಊಟಕ್ಕೆ, ಇನ್ನೂರು ಮುನ್ನೂರು ಜನ ಸೇರುವಲ್ಲಿ, ಹೊರಗಿನವರನ್ನು ಕರೆಯಲಿ, ನನ್ನ ಒಪ್ಪಿಗೆ ಇದೆ. ತಿಂಗಳ ಕೂಟದ ಚಹಾಕ್ಕೆ ಬೇಡ. ಪೊಟ್ಟಣದ ಬಿಸ್ಕತ್ತು ಹಂಚಿದರೂ ಆದೀತು, ಆದರೆ ಚಹಾದ ನೀರಿಗೆ ಶುಂಠಿ ಜಜ್ಜುವ ಕೈ ನಮ್ಮದೇ ಇರಲಿ. ಮಾಡಲಾಗದ ಚಿಕ್ಕವರು ಬಂದು ಕೂತು ಬೆಳ್ಳುಳ್ಳಿ ಸುಲಿಯಲಿ, ಅಥವಾ ಸುಮ್ಮನೆ ಮಾತಾಡಲಿ.

ಮೊನ್ನೆ ಎರಡನೇ ಶನಿವಾರ ತಿಂಡಿಯ ಸರದಿ ಆ ಧಾರವಾಡದ ತಂಗಿಯದು. ಅವಳ ಊರಿನಲ್ಲೂ 1837ರಿಂದ ಬಾಸೆಲ್ ಮಿಷನ್ನಿನವರು ಇದ್ದರು, ಅವಳ ಅಜ್ಜಿಯೂ ಅಲ್ಲಿಯ ಸ್ತ್ರೀ ಸಂಘದವಳು. ಹಾಗಾಗಿ ಅವಳು ಹೊರಗಿನವಳೇನಲ್ಲ. ಆದರೂ ಕುಸಿನಿಯ ಬಾಗಿಲಲ್ಲಿ ನಿಂತಾಗ ಮುಖದಲ್ಲಿ ಅಳುಕಿತ್ತು. ತುಳು ಬಾರದು, ತೆಂಗಿನ ಅಡುಗೆಯ ಕೈಚಳಕ ಬಾರದು. ತನ್ನ ಊರಿನ ತಿಂಡಿಯನ್ನೇ ಮಾಡಿದಳು: ಚುರುಮುರಿ, ಹುರಿಗಡಲೆ ಪುಡಿ, ಹುಣಸೆಹುಳಿ ಬೆಲ್ಲ ಕೂಡಿಸಿ ಕುದಿಸಿದ ಈರುಳ್ಳಿ ಒಗ್ಗರಣೆ, ಮೇಲೆ ಸೇವು, ಕೊತ್ತಂಬರಿ. ಜೊತೆಗೆ ಒಂದೊಂದು ಮೆಣಸಿನಕಾಯಿ ಬಜ್ಜಿ. ಕಲಸಿದ ಕೂಡಲೇ ತಿನ್ನಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ ಎಂದಳು. ಆದ್ದರಿಂದ ಆ ದಿನ ಎಲ್ಲರೂ ಕುಸಿನಿಯ ಒಳಗೇ ಬಾಣಲೆಯ ಸುತ್ತ ನಿಂತು ತಿಂದೆವು. ದೊಡ್ಡಮ್ಮ ಎರಡು ಸಲ ಹಾಕಿಸಿಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿ, ಹುಳಿಗೆ ಬೆಲ್ಲ ಎಷ್ಟು ಎಂದು ತುಳುವಿನಲ್ಲಿ ಕೇಳಿದರು. ಅವಳು ಧಾರವಾಡದ ಕನ್ನಡದಲ್ಲಿ ಹೇಳಿದಳು. ಇಬ್ಬರಿಗೂ ಅರ್ಥವಾಯಿತು.

ರಾತ್ರಿ ವರದಿ ಬರೆದೆ. ಮೊದಲ ಸಂಗೀತ, ಪ್ರಾರ್ಥನೆ, ವೇದಪಾಠ, ಹಾಜರಿ ನಲವತ್ತೆರಡು. ಕೊನೆಯ ಸಾಲಿನಲ್ಲಿ ಅವಳ ಹೆಸರು ಬರೆದು, ಚಹಾ ಮತ್ತು ಗಿರಮಿಟ್ಟು ಎಂದು ಸೇರಿಸಿದೆ. ಮರುದಿನ ಟೈಪ್ ಮಾಡಲು ಬಂದವಳು ಪುಸ್ತಕ ತೆರೆದು ಓದಿದಳು. ಪೆನ್ನು ಕೇಳಿದಳು. "ಅಕ್ಕಾರ, ಗಿರಮಿಟ್ಟು ಅಲ್ರಿ, ಗಿರ್ಮಿಟ್" ಎಂದು ತಾನೇ ಹೊಡೆದು ತಿದ್ದಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಮತ್ತು ಮಿರ್ಚಿ ಬಜಿ, ಎಂದು ಬರೆದಳು.